ಮೂರನೇ ಸ್ಥಾನದೋರ ಹನ್ನೆರಡು ದಿನ: ವೆಂಬ್ಲಿ ಫೈನಲ್‌ಗೆ ಕಾದ ಶೆಫೀಲ್ಡ್ ಯುನೈಟೆಡ್ ಫ್ಯಾನ್ಸ್

ಮೊದಲೇ ಹೇಳ್ಬಿಡ್ತೀನಿ, ಇದು ಮ್ಯಾಚ್ ರಿಪೋರ್ಟ್ ಅಲ್ಲ. 2025ರ ಮೇ 12ರ ರಾತ್ರಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಬ್ರಾಮಲ್ ಲೇನ್ ಅನ್ನೋ ಹಳೇ ಸ್ಟೇಡಿಯಂನಲ್ಲಿ, ಶೆಫೀಲ್ಡ್ ಯುನೈಟೆಡ್ ಫುಟ್‌ಬಾಲ್ ಟೀಮು ಬ್ರಿಸ್ಟಲ್ ಸಿಟಿಗೆ 3-0 ಹೊಡೀತು, ಮೊದಲ ಮ್ಯಾಚಲ್ಲಿ ಅವರ ಊರಲ್ಲಿ 3, ಇಲ್ಲಿ 3 ಸೇರಿ ಒಟ್ಟು 6-0 ಆಗಿ ಪ್ಲೇ-ಆಫ್ ಫೈನಲ್‌ಗೆ ಹೋಯ್ತು. ಫೈನಲ್ ಇದ್ದಿದ್ದು ಮೇ 24, ಶನಿವಾರ, ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ, ಸಂಡರ್‌ಲ್ಯಾಂಡ್ ಎದುರು. ಈ ಎರಡು ತಾರೀಖಿನ ಮಧ್ಯೆ ಆ ಟೀಮಿನ ಫ್ಯಾನ್ಸ್ ಹೆಂಗೆ ಕಾದ್ರು, ಅಷ್ಟೊಂದು ಹೆದರಿಕೊಂಡು ಯಾಕೆ ಕಾದ್ರು, ಇದೇ ನನ್ನ ಕೇಸು. 6-0 ಗೆದ್ದೋರು ಕುಣೀಬೇಕಿತ್ತು ತಾನೇ, ಕುಣಿದ್ರು ಕೂಡ, ಆದ್ರೆ ಮಾರನೇ ದಿನ ಬೆಳಗ್ಗೆ ಆಫೀಸಿಗೆ ಬಂದೋರ ಮುಖ ಸಾಲ ತೀರಿಸೋ ಗಡುವು ಗೊತ್ತಾದೋರ ಮುಖ ಇದ್ದಂಗಿತ್ತಂತೆ. ಇದನ್ನ ಹೇಳಿದ್ದು ದಾವಣಗೆರೆ ಕಡೆಯ ನನ್ನ ಫ್ರೆಂಡು, ಅಲ್ಲೇ ಒಂದು ಆಸ್ಪತ್ರೇಲಿ ಕೆಲಸ, ಅವನ ಜೊತೆ ಕೆಲಸ ಮಾಡೋ ಐವತ್ತು ದಾಟಿದ ಒಬ್ಬರು ಹುಟ್ಟಾ ಯುನೈಟೆಡ್ ಫ್ಯಾನು. ಹೆಸರೆಲ್ಲ ಬೇಡ, "ಹಿರಿಯರು" ಅಂತಾನೇ ಕರೀತೀನಿ.

ಇಂಗ್ಲೆಂಡಿನ ಟಾಪ್ ಡಿವಿಷನ್ನು ಪ್ರೀಮಿಯರ್ ಲೀಗ್, ಅದನ್ನ ಮಾತ್ರ ನೋಡೋರಿಗೆ ಪ್ರಮೋಷನ್, ಅಂದ್ರೆ ಮೇಲಿನ ಡಿವಿಷನ್ನಿಗೆ ಹೋಗೋ ವ್ಯವಸ್ಥೆ ಸ್ವಲ್ಪ ಹೇಳ್ಬೇಕು. ಅದರ ಕೆಳಗಿನ ಡಿವಿಷನ್ನು ಚಾಂಪಿಯನ್‌ಶಿಪ್, 24 ಟೀಮು, ಒಬ್ಬೊಬ್ಬರಿಗೆ 46 ಮ್ಯಾಚು. ಮೊದಲ ಎರಡು ಟೀಮು ಸೀದಾ ಮೇಲಕ್ಕೆ. ಆ ಸೀಸನ್ನಿನ ನಿಯಮದಂತೆ ಮೂರರಿಂದ ಆರರವರೆಗಿನ ನಾಲ್ಕು ಟೀಮು ಪ್ಲೇ-ಆಫ್ ಆಡ್ತಿದ್ವು, ಸೆಮಿಫೈನಲ್ ಮನೇಲೊಂದು ಹೊರಗೊಂದು, ಫೈನಲ್ ಮಾತ್ರ ಒಂದೇ ಮ್ಯಾಚು, ಗೆದ್ದೋರಿಗೆ ಮೂರನೇ ಸೀಟು. 1987ರಲ್ಲಿ ಶುರುವಾದ ಪದ್ಧತಿ, 1990ರಿಂದ ಫೈನಲ್ ವೆಂಬ್ಲಿಲಿ (ಸ್ಟೇಡಿಯಂ ಒಡೆದು ಕಟ್ಟೋವಾಗ ಕೆಲವು ವರ್ಷ ಕಾರ್ಡಿಫ್‌ನಲ್ಲಿ ಆಡಿಸಿದ್ರು). ನಮ್ಮ ಐಪಿಎಲ್ ಪ್ಲೇ-ಆಫ್ ಥರ ಅಂದ್ಕೋಬೇಡಿ, ಐಪಿಎಲ್‌ನಲ್ಲಿ ಸೋತ್ರೆ ಕಪ್ ಹೋಗುತ್ತೆ ಅಷ್ಟೇ, ಮುಂದಿನ ವರ್ಷ ಅದೇ ಹತ್ತು ಟೀಮು, ಅದೇ ಲೀಗು. ಇಲ್ಲಿ ಗೆದ್ರೆ ಮುಂದಿನ ವರ್ಷ ಒಂದು ಲೀಗು, ಸೋತ್ರೆ ಇನ್ನೊಂದು, ನೀನು ಆಡೋ ಊರುಗಳೇ ಬೇರೆ, ಟಿವಿ ದುಡ್ಡು ಬೇರೆ, ನಿನ್ನ ಒಳ್ಳೇ ಆಟಗಾರರು ಉಳೀತಾರೋ ಇಲ್ವೋ ಅನ್ನೋದೂ ಬೇರೆ. ಗೆದ್ದ ಕ್ಲಬ್ಬಿಗೆ ಮುಂದಿನ ಕೆಲ ವರ್ಷದಲ್ಲಿ ಕಮ್ಮಿ ಅಂದ್ರೂ 20 ಕೋಟಿ ಪೌಂಡ್ ಹೆಚ್ಚಿಗೆ ಸಿಗುತ್ತೆ ಅಂತ ಲೆಕ್ಕ ಹಾಕ್ತಾರೆ, ನಮ್ಮ ದುಡ್ಡಲ್ಲಿ 2,300 ಕೋಟಿ ರೂಪಾಯಿ ಆಸುಪಾಸು. ಒಂದು ಮ್ಯಾಚಿಗೆ.

ಈಗ ಟೇಬಲ್ ನೋಡಿ, ಸಂಕಟ ಶುರುವಾಗೋದೇ ಅಲ್ಲಿಂದ. 2024-25 ಸೀಸನ್ನಿನಲ್ಲಿ ಲೀಡ್ಸ್ 100 ಪಾಯಿಂಟ್, ಬರ್ನ್ಲಿ 100 ಪಾಯಿಂಟ್, ಮೂರನೇದು ಶೆಫೀಲ್ಡ್ ಯುನೈಟೆಡ್ 90. ನಿಜಕ್ಕೂ ಗಳಿಸಿದ್ದು 92, ಹಳೇ ಟ್ರಾನ್ಸ್‌ಫರ್ ದುಡ್ಡು (ಆಟಗಾರರನ್ನ ಕೊಂಡಿದ್ದರ ಬಾಕಿ) ಬೇರೆ ಕ್ಲಬ್ಬುಗಳಿಗೆ ಟೈಮಿಗೆ ಕಟ್ಟಿಲ್ಲ ಅಂತ 2 ಪಾಯಿಂಟ್ ಕಟ್ ಮಾಡಿದ್ರು, ಆ ಎರಡು ಇದ್ದಿದ್ರೂ ಮೂರನೇ ಸ್ಥಾನಾನೇ ಬಿಡಿ. ನಾಲ್ಕನೇದು ಸಂಡರ್‌ಲ್ಯಾಂಡ್, 76 ಪಾಯಿಂಟ್. ಹದಿನಾಲ್ಕು ಪಾಯಿಂಟ್ ವ್ಯತ್ಯಾಸ! ಅದರ ಮೇಲೆ ಸಂಡರ್‌ಲ್ಯಾಂಡ್ ಲೀಗಿನ ಕೊನೇ ಐದು ಮ್ಯಾಚೂ ಸೋತು ಪ್ಲೇ-ಆಫ್‌ಗೆ ಬಂದಿತ್ತು. ವರ್ಷವಿಡೀ ಓದಿ 90 ತಗೊಂಡ ಹುಡುಗನ್ನೂ 76 ತಗೊಂಡ ಹುಡುಗನ್ನೂ ಒಂದೇ ಬೆಂಚಲ್ಲಿ ಕೂರಿಸಿ, ಮಾರ್ಕ್ಸ್ ಕಾರ್ಡ್ ಹರಿದು ಹಾಕಿ, ಒಂದು ಓರಲ್ ಟೆಸ್ಟ್ ಇಟ್ಟು ಸೀಟು ಕೊಡ್ತೀವಿ ಅಂದಂಗೆ. 90 ತಗೊಂಡೋನ ಅಪ್ಪ-ಅಮ್ಮನ ಸ್ಥಿತಿ ಇದೆಯಲ್ಲ, ಬ್ರಾಮಲ್ ಲೇನ್ ಫ್ಯಾನ್ಸ್ ಸ್ಥಿತಿ ಅದು.

ಅವರಿಗೆ ಇನ್ನೂ ಹೊಟ್ಟೆ ಉರಿದಿದ್ದು ಏನಂದ್ರೆ ಮಾರ್ಚ್ ಕೊನೇಲಿ ಟೇಬಲ್ ಟಾಪಲ್ಲಿ ಇದ್ದೋರೇ ಇವರು. ಅದೇ ತಿಂಗಳು ಊರಿನ ಇನ್ನೊಂದು ಟೀಮು ಶೆಫೀಲ್ಡ್ ವೆಡ್ನೆಸ್‌ಡೇಯನ್ನ ಅವರ ಮನೇಲೇ 1-0 ಸೋಲಿಸಿ ಬಂದಿದ್ರು, ಇನ್ನೇನು ಮುಗೀತು ಅಂತಿದ್ದಾಗ ಏಪ್ರಿಲ್‌ನಲ್ಲಿ ಆಕ್ಸ್‌ಫರ್ಡ್, ಮಿಲ್‌ವಾಲ್, ಪ್ಲಿಮತ್, ಹೀಗೆ ಸಾಲಾಗಿ ಸೋತ್ರು, ಈಸ್ಟರ್ ಸೋಮವಾರ ಬರ್ನ್ಲಿಲಿ 2-1 ಸೋತಾಗ ಲೀಡ್ಸೂ ಬರ್ನ್ಲಿನೂ ಒಟ್ಟಿಗೆ ಮೇಲೆ ಹೋದ್ರು. ಅಂದ್ರೆ ಕೈಲಿದ್ದಿದ್ದು ಜಾರಿ ಹೋಗಿ ಪ್ಲೇ-ಆಫ್‌ಗೆ ಬಂದೋರು. ಈ ವಿಷಯ ನೆನಪಿಟ್ಕೊಳ್ಳಿ, ಇಡೀ ಕೇಸಿಗೆ ಇದೇ ಬೇರು.

ಹಳೇ ಲೆಕ್ಕ

ಶೆಫೀಲ್ಡ್ ಯುನೈಟೆಡ್ ಫ್ಯಾನ್ಸ್ ಹತ್ರ ಪ್ಲೇ-ಆಫ್ ಅಂದ್ರೆ ಯಾವ ಆಟಗಾರ ಫಾರ್ಮಲ್ಲಿದ್ದಾನೆ ಅಂತ ಮಾತು ಶುರುವಾಗಲ್ಲ, ಇಸವಿಗಳಿಂದ ಶುರುವಾಗುತ್ತೆ. ಫ್ರೆಂಡು ಹಿರಿಯರಿಗೆ "ಕಂಗ್ರಾಜುಲೇಷನ್ಸ್ ಸರ್" ಅಂದಿದ್ದಕ್ಕೆ ಅವರು ಥ್ಯಾಂಕ್ಸ್ ಕೂಡ ಹೇಳದೆ ಬೆರಳು ಮಡಚೋಕೆ ಶುರು ಮಾಡಿದ್ರಂತೆ, ನಮ್ಮಜ್ಜಿ ಬರಗಾಲದ ವರ್ಷಗಳನ್ನ ಎಣಿಸ್ತಿದ್ದ ಹಾಗೆ.

1988. ಆಗ ಪ್ಲೇ-ಆಫ್‌ನಲ್ಲಿ ಕೆಳಗೆ ಬೀಳೋ ಅಪಾಯದಲ್ಲಿದ್ದ ಟೀಮೂ ಆಡಬೇಕಿತ್ತು, ಯುನೈಟೆಡ್ ಬ್ರಿಸ್ಟಲ್ ಸಿಟಿ ಎದುರು ಸೋತು ಮೂರನೇ ಡಿವಿಷನ್ನಿಗೆ ಬಿತ್ತು. 1997, ವೆಂಬ್ಲಿ ಫೈನಲ್, ಕ್ರಿಸ್ಟಲ್ ಪ್ಯಾಲೇಸ್ ಎದುರು 0-0 ಇದ್ದಾಗ ಕೊನೇ ನಿಮಿಷದಲ್ಲಿ ಡೇವಿಡ್ ಹಾಪ್ಕಿನ್ ಅನ್ನೋನು ಬಾಕ್ಸ್ ಹೊರಗಿಂದ ಚೆಂಡು ತಿರುಗಿಸಿ ಗೋಲಿನ ಮೂಲೆಗೆ ಹಾಕಿದ. ಈ ಗೋಲಿನ ಬಗ್ಗೆ ಹೇಳುವಾಗ ಹಿರಿಯರು ಕೈಯಲ್ಲಿ ಗಾಳೀಲಿ ಆ ಕರ್ವ್ ಬರೆದು ತೋರಿಸ್ತಾರಂತೆ, ಇಪ್ಪತ್ತೆಂಟು ವರ್ಷ ಆದ್ಮೇಲೂ, ಕಾಫಿ ಕಪ್ ಕೈಲಿದ್ರೂ. 1998, ಸೆಮಿಫೈನಲ್, ಮನೇಲಿ 2-1 ಗೆದ್ದು ಆಮೇಲೆ ಅಲ್ಲಿ 2-0 ಸೋತ್ರು, ಯಾರೆದುರು ಅಂದ್ರೆ ಇದೇ ಸಂಡರ್‌ಲ್ಯಾಂಡ್ ಎದುರು. 2003, ಕಾರ್ಡಿಫ್‌ನಲ್ಲಿ ಫೈನಲ್, ಆ ವರ್ಷ ಎರಡೂ ದೊಡ್ಡ ಕಪ್ಪಿನ ಸೆಮಿಫೈನಲ್‌ಗೆ ಹೋಗಿದ್ದ ಟೀಮು, ವುಲ್ವ್ಸ್ ಎದುರು ಹಾಫ್‌ಟೈಮಿಗೇ 3-0 ಹಿಂದೆ, ಸಿಕ್ಕ ಪೆನಾಲ್ಟಿನೂ ಹೋಯ್ತು. 2009, ವೆಂಬ್ಲಿ, ಬರ್ನ್ಲಿ 1-0. 2012, ವೆಂಬ್ಲಿ, ಹಡರ್ಸ್‌ಫೀಲ್ಡ್ ಎದುರು 120 ನಿಮಿಷ ಗೋಲಿಲ್ಲ, ಪೆನಾಲ್ಟಿ ಶೂಟೌಟ್ ಎಲ್ಲಾ ಆಟಗಾರರನ್ನೂ ದಾಟಿ ಕೀಪರ್‌ಗಳವರೆಗೆ ಬಂತು, ಅವರ ಕೀಪರ್ ಹೊಡೆದ, ಇವರ ಕೀಪರ್ ಸ್ಟೀವ್ ಸೈಮನ್ಸನ್ ಬಾರ್ ಮೇಲೆ ಹೊಡೆದ, 8-7. 2013ರಲ್ಲಿ ಯೋವಿಲ್, 2015ರಲ್ಲಿ ಸ್ವಿಂಡನ್ ಎದುರು ಎರಡನೇ ಮ್ಯಾಚು 5-5 ಅಂತೆ ಮಾರಾಯ್ರೆ, 2022ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಮತ್ತೆ ಪೆನಾಲ್ಟಿ.

ಒಂಬತ್ತು ಸಲ ಹೋಗಿ ಒಂಬತ್ತು ಸಲಾನೂ ಬರಿಗೈ. ನಾಲ್ಕು ಫೈನಲ್‌ನಲ್ಲಿ ಒಟ್ಟು ಹೊಡೆದ ಗೋಲು ಎಷ್ಟು ಅಂದ್ರೆ ಸೊನ್ನೆ, ಮೇಲಿನ ಸ್ಕೋರ್ ನೀವೇ ಕೂಡಿ ನೋಡಿ. ಅದರ ಜೊತೆ ವೆಂಬ್ಲಿಯ ಲೆಕ್ಕ ಬೇರೆ: ಅಲ್ಲಿ ಕೊನೇದಾಗಿ ಗೆದ್ದಿದ್ದು 1925ರ ಎಫ್‌ಎ ಕಪ್ (ಇಂಗ್ಲೆಂಡಿನ ದೊಡ್ಡ ನಾಕೌಟ್ ಕಪ್) ಫೈನಲ್, ಕಾರ್ಡಿಫ್ ಸಿಟಿ ಎದುರು 1-0. ಆಮೇಲೆ 1936ರ ಕಪ್ ಫೈನಲ್ ಆರ್ಸೆನಲ್‌ಗೆ, 1993ರ ಸೆಮಿಫೈನಲ್ ವೆಡ್ನೆಸ್‌ಡೇಗೆ (ಇದು ಗಾಯಕ್ಕೆ ಉಪ್ಪು), ಆಮೇಲೆ ಆ ಪ್ಲೇ-ಆಫ್‌ಗಳು, 2014ರಲ್ಲಿ ಹಲ್, 2023ರಲ್ಲಿ ಮ್ಯಾಂಚೆಸ್ಟರ್ ಸಿಟಿ. ಸರಿಯಾಗಿ ನೂರು ವರ್ಷ. ಮೇಲೆ ಹೋಗಿಲ್ವಾ ಅಂದ್ರೆ ಹೋಗಿದ್ದಾರೆ, 1990, 2006, 2019, 2023, ಪ್ರತಿ ಸಲ ಸೀದಾ ಮೊದಲ ಎರಡರಲ್ಲಿ ಬಂದೇ ಹೋಗಿದ್ದು. ಪ್ಲೇ-ಆಫ್ ಬಾಗಿಲಿಂದ ಒಂದು ಸಲಾನೂ ಇಲ್ಲ.

ಇದನ್ನ "ಶಾಪ" ಅಂತ ಪತ್ರಿಕೆಗಳು ಬರೀತಾವೆ, ನಂಗೆ ಆ ಮಾತು ಇಷ್ಟ ಇಲ್ಲ. 1997ರಲ್ಲಿ ಆಡಿದೋರು ಯಾರೂ 2025ರಲ್ಲಿ ಆಡಲ್ಲ, ಕೋಚು ಬೇರೆ, ಓನರ್ ಬೇರೆ, 2024ರ ಡಿಸೆಂಬರ್‌ನಲ್ಲಿ ತಾನೇ ಕ್ಲಬ್ಬು ಅಮೆರಿಕದ ಗುಂಪೊಂದರ ಕೈಗೆ ಹೋಗಿತ್ತು. (ಅದಕ್ಕೆ ಮುಂಚಿನ ಸೌದಿ ಓನರ್ ಗ್ರೂಪು ನಮ್ಮ ಪಕ್ಕದ ಕೇರಳದಲ್ಲೂ ಒಂದು ಕ್ಲಬ್ ತಗೊಂಡು ಕೇರಳ ಯುನೈಟೆಡ್ ಅಂತ ಹೆಸರಿಟ್ಟಿತ್ತು, ಇದು ಸುಮಾರು ಜನಕ್ಕೆ ಗೊತ್ತಿಲ್ಲ.) ಎಲ್ಲಾ ಬದಲಾದ್ರೂ ಆ ಒಂಬತ್ತೂ ಸಲ ಇದ್ದೋರು ಅಂದ್ರೆ ಫ್ಯಾನ್ಸ್ ಮಾತ್ರ. ಸೋಲಿನ ರೆಜಿಸ್ಟರ್ ಇಟ್ಕೊಂಡಿರೋರು ಅವರೇ, ಕ್ಲಬ್ಬಲ್ಲ. ಹಂಗಾಗಿ ಅವರ ಭಯಾನ ಮೂಢನಂಬಿಕೆ ಅಂತ ತಳ್ಳಿಹಾಕೋಕೆ ನಂಗೆ ಮನಸ್ಸಿಲ್ಲ.

ಇನ್ನೊಂದು ತಾಜಾ ಉದಾಹರಣೆನೂ ಅವರ ಕಣ್ಣ ಮುಂದಿತ್ತು. ಹಿಂದಿನ ವರ್ಷ, 2024ರಲ್ಲಿ, ಲೀಡ್ಸ್ ಮೂರನೇ ಸ್ಥಾನ, ಪಾಯಿಂಟು ಎಷ್ಟು ಗೊತ್ತಾ, ಅದೇ 90. ಫೈನಲ್‌ನಲ್ಲಿ ನಾಲ್ಕನೇ ಸ್ಥಾನದ ಸೌತಾಂಪ್ಟನ್ ಎದುರು 1-0 ಸೋತ್ರು. ಆವಾಗ ಲೀಡ್ಸ್ ಸೋತಿದ್ದಕ್ಕೆ ಯಾರ್ಕ್‌ಶೈರಿನ (ಎರಡೂ ಊರು ಇರೋ ಸೀಮೆ) ಉಳಿದೋರೆಲ್ಲ ನಕ್ಕಿದ್ರು, ಶೆಫೀಲ್ಡೂ ಸೇರಿ. ಈ ವರ್ಷ ಅದೇ ನಂಬರು ಅದೇ ಸ್ಥಾನ ಇವರ ಹಣೇಲಿ.

ಹನ್ನೆರಡು ದಿನ

ಮೊದಲ ಕೆಲಸ ಟಿಕೆಟ್ಟು. ಒಂದೊಂದು ಕ್ಲಬ್ಬಿಗೆ ಮೂವತ್ತು ಸಾವಿರದ ಮೇಲೆ ಟಿಕೆಟ್ ಸಿಗುತ್ತೆ, ಸೀಸನ್ ಟಿಕೆಟ್ ಇರೋರಿಗೆ ಮೊದಲು, ಅದರಲ್ಲೂ ಹೊರಗಿನ ಮ್ಯಾಚುಗಳಿಗೆ ಹೋಗಿ ಪಾಯಿಂಟ್ ಕೂಡಿಸಿದೋರಿಗೆ ಇನ್ನೂ ಮೊದಲು, ಕೊನೇಗೆ ಉಳಿದೋರಿಗೆ. ಹಂಗಾಗಿ ಊರಲ್ಲಿ ಈ ಟೈಮಲ್ಲಿ ಒಂದು ವಿಚಿತ್ರ ಲೆಕ್ಕಾಚಾರ ಶುರುವಾಗುತ್ತೆ: ಮನೇಲಿ ನಾಲ್ಕು ಜನ, ಸೀಸನ್ ಟಿಕೆಟ್ ಇಬ್ಬರದ್ದು, ವಿದೇಶದಲ್ಲಿರೋ ಮಗ ಬರ್ತೀನಿ ಅಂತಾನೆ, ಅವನು ಐದು ವರ್ಷದಿಂದ ಒಂದು ಮ್ಯಾಚಿಗೂ ಬಂದಿಲ್ಲ, ಈಗ ಅವನಿಗೆ ಟಿಕೆಟ್ ಕೊಡ್ಬೇಕಾ ಅಥವಾ ಮಳೇಲಿ ನೆನೆದು ಪ್ಲಿಮತ್‌ವರೆಗೂ ಹೋಗಿ ಸೋಲು ನೋಡಿ ಬಂದ ಪಕ್ಕದ ಮನೆಯೋನಿಗಾ. ನಮ್ಮಲ್ಲಿ ಮದುವೆ ಕಾರ್ಡ್ ಯಾರಿಗೆ ಮೊದಲು ಕೊಡ್ಬೇಕು ಅನ್ನೋ ಜಗಳಕ್ಕಿಂತ ಇದೇನೂ ಕಮ್ಮಿ ಇಲ್ಲ. ಹಿರಿಯರ ಮನೇಲಿ ಅಳಿಯನಿಗೆ ಟಿಕೆಟ್ ಸಿಗಲಿಲ್ಲ ಅಂತ ಎರಡು ದಿನ ಮಾತು ನಿಂತಿತ್ತಂತೆ.

ಆಮೇಲೆ ಪ್ರಯಾಣ. ಶೆಫೀಲ್ಡಿಂದ ಲಂಡನ್ನು ಬೆಂಗಳೂರಿಂದ ದಾವಣಗೆರೆಯಷ್ಟೇ ದೂರ, ಟ್ರೈನಲ್ಲಿ ಎರಡು ಗಂಟೆ ಚಿಲ್ಲರೆ, ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿಗೆ ಬಂದು ಇಳೀತಾರೆ. ಸಂಡರ್‌ಲ್ಯಾಂಡ್ ಇನ್ನೂ ಉತ್ತರಕ್ಕೆ, ಆ ಟ್ರೈನು ಬರೋದು ಕಿಂಗ್ಸ್ ಕ್ರಾಸ್‌ಗೆ. ಈ ಎರಡು ಸ್ಟೇಷನ್ ಇರೋದು ಒಂದೇ ರಸ್ತೆ ಈಚೆ ಆಚೆ! ಎರಡೂ ಟೀಮಿನ ಜರ್ಸಿ ಕೂಡ ಕೆಂಪು-ಬಿಳಿ ಪಟ್ಟೆ. ಹಂಗಾಗಿ ಆ ಶನಿವಾರ ಬೆಳಗ್ಗೆ ಟ್ಯೂಬ್ ರೈಲಲ್ಲಿ ಪಟ್ಟೆ ಅಂಗಿ ಹಾಕಿರೋನು ಯಾವ ಕಡೆಯೋನು ಅಂತ ಅವನು ಬಾಯಿ ಬಿಡೋವರೆಗೂ ಗೊತ್ತಾಗಲ್ಲ, ಬಾಯಿ ಬಿಟ್ರೆ ಒಂದೇ ಸೆಕೆಂಡಲ್ಲಿ ಗೊತ್ತಾಗುತ್ತೆ, ಧಾರವಾಡದೋರು ಮಂಗಳೂರಿನೋರು ಮಾತಾಡಿದಾಗ ಗೊತ್ತಾದಂಗೆ. ಅದೂ ಬ್ಯಾಂಕ್ ಹಾಲಿಡೇ ವೀಕೆಂಡು, ಸೋಮವಾರ ರಜಾ, ಟ್ರೈನು ತುಂಬಿತ್ತು, ಹೋಟೆಲ್ ರೇಟು ಏರಿತ್ತು. ಫ್ರೆಂಡಿಗೆ ಟಿಕೆಟ್ ಸಿಗಲಿಲ್ಲ, ಬ್ರಾಮಲ್ ಲೇನ್ ಪಕ್ಕದ ಲಂಡನ್ ರೋಡಿನ ಪಬ್ಬಲ್ಲಿ ಸೀಟು ಹಿಡಿಯೋ ಪ್ಲಾನ್ ಹಾಕಿದ. ಹೆಸರಲ್ಲಾದ್ರೂ ಲಂಡನ್ ಇದೆಯಲ್ಲ ಅಂದ.

ಮಧ್ಯದಲ್ಲಿ ಎದುರು ಬಣದವರ ಕಾಟ. ಶೆಫೀಲ್ಡ್ ಎರಡು ಟೀಮಿನ ಊರು, ಒಂದೇ ಆಫೀಸಲ್ಲಿ, ಒಂದೇ ಮನೇಲಿ ಎರಡೂ ಬಣ. ವೆಡ್ನೆಸ್‌ಡೇ ಆ ವರ್ಷ ಸಾಧಾರಣ ಸೀಸನ್ನು, ಮಾರ್ಚಲ್ಲಿ ಆಟಗಾರರ ಸಂಬಳನೇ ಲೇಟಾಗಿ ಸುದ್ದಿಯಾಗಿತ್ತು, ನಗೋ ಸ್ಥಿತೀಲಿ ಅವರೂ ಇರಲಿಲ್ಲ. ಆದ್ರೂ ಅವರ ಹತ್ರ ಒಂದು ಬ್ರಹ್ಮಾಸ್ತ್ರ ಇತ್ತು: 2023ರಲ್ಲಿ, ಒಂದು ಡಿವಿಷನ್ ಕೆಳಗೆ, ಸೆಮಿಫೈನಲ್ ಮೊದಲ ಮ್ಯಾಚಲ್ಲಿ ಪೀಟರ್‌ಬರೋ ಎದುರು 4-0 ಸೋತು, ಎರಡನೇದರಲ್ಲಿ ಅದನ್ನ ತಿರುಗಿಸಿ ಪೆನಾಲ್ಟಿಲಿ ಗೆದ್ದು, ವೆಂಬ್ಲಿ ಫೈನಲ್‌ನಲ್ಲಿ ಬಾರ್ನ್ಸ್‌ಲಿ ಎದುರು 120 ನಿಮಿಷ ದಾಟಿದ ಮೇಲೆ ಜಾಶ್ ವಿಂಡಸ್ ಹೆಡರ್ ಹೊಡೆದು ಗೆದ್ದಿದ್ರು. ಅಂದ್ರೆ ಯಾವ ಬಾಗಿಲಲ್ಲಿ ಯುನೈಟೆಡ್ ಒಂಬತ್ತು ಸಲ ತಲೆ ಚಚ್ಚಿಕೊಂಡಿತ್ತೋ ಅದೇ ಬಾಗಿಲಲ್ಲಿ ಪಕ್ಕದ ಮನೆಯೋರು ಅಷ್ಟು ನಾಟಕೀಯವಾಗಿ ಒಳಗೆ ಹೋಗಿದ್ರು. ಕ್ಯಾಂಟೀನಲ್ಲಿ ಒಬ್ಬ ವೆಡ್ನೆಸ್‌ಡೇ ಫ್ಯಾನು ಏನೂ ಮಾತಾಡದೆ ಹಿರಿಯರ ಮುಂದೆ ನಿಂತು ತಲೇಲಿ ಹೆಡರ್ ಹೊಡೆದಂಗೆ ಆಕ್ಷನ್ ಮಾಡಿ ಹೋಗ್ತಿದ್ನಂತೆ, ದಿನಾ.

ಇದರ ಜೊತೆ ಇನ್ನೊಂದು ಪ್ರಶ್ನೆ ಇತ್ತು, ಇದನ್ನ ಯಾರೂ ಜೋರಾಗಿ ಕೇಳಲ್ಲ: ಮೇಲೆ ಹೋಗಿ ಮಾಡೋದೇನು? ಹಿಂದಿನ ಸೀಸನ್, 2023-24ರಲ್ಲಿ, ಇದೇ ಟೀಮು ಪ್ರೀಮಿಯರ್ ಲೀಗಲ್ಲಿ 16 ಪಾಯಿಂಟ್ ತಗೊಂಡು, 104 ಗೋಲು ತಿಂದು ಕೆಳಗೆ ಬಿದ್ದಿತ್ತು. ಆ ವರ್ಷ ಮೇಲೆ ಹೋಗಿದ್ದ ಮೂರೂ ಟೀಮು ಬಿದ್ವು, 2024-25ರಲ್ಲೂ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಮೂರೂ ಬಿದ್ವು. ಶನಿವಾರ ಶನಿವಾರ ಐದು ಗೋಲು ತಿನ್ನೋದನ್ನ ನೋಡೋಕೆ ದುಡ್ಡು ಕೊಟ್ಟು ಹೋಗಿದ್ದ ಜನ ಮತ್ತೆ ಅದೇ ಬೇಕು ಅಂತ ಯಾಕೆ ಬೇಡ್ಕೋತಾರೆ? ಫ್ರೆಂಡು ಇದನ್ನ ಕೇಳೇಬಿಟ್ಟ. ಹಿರಿಯರು ಹೇಳಿದ್ದರ ಸಾರ ಇಷ್ಟು: ನಂಗೆ ಪ್ರೀಮಿಯರ್ ಲೀಗ್ ಅಷ್ಟೇನೂ ಬೇಕಿಲ್ಲ ಕಣಪ್ಪ, ನಂಗೆ ಬೇಕಿರೋದು ಆ ಶನಿವಾರ ಸಾಯಂಕಾಲ ಐದು ಗಂಟೆ, ಒಂದೇ ಒಂದು ಸಲ, ನಮ್ಮ ಕಡೆ ಸ್ಟ್ಯಾಂಡು ಕುಣಿಯೋದು. ಆಮೇಲೆ ಆಗಸ್ಟಲ್ಲಿ ಏನಾದ್ರೂ ಆಗ್ಲಿ.

ಇದು ನಂಗೆ ಬಹಳ ಅರ್ಥ ಆಯ್ತು. ಆ ಟೈಮಲ್ಲಿ ಇಲ್ಲಿ ನಾವೂ ಅದೇ ಸ್ಥಿತೀಲಿದ್ವಿ ಅಲ್ವಾ? ಮೇ 23ಕ್ಕೆ ಆರ್‌ಸಿಬಿ ಹೈದರಾಬಾದ್ ಎದುರು ಸೋತು, ಪ್ಲೇ-ಆಫ್ ಪಕ್ಕಾ ಆಗಿದ್ರೂ ಗ್ರೂಪಲ್ಲೆಲ್ಲ "ಶುರುವಾಯ್ತು ನೋಡು" ಅಂತ ಮೆಸೇಜು. ಹದಿನೆಂಟು ವರ್ಷದ ರೆಜಿಸ್ಟರ್ ನಮ್ಮ ಹತ್ರಾನೂ ಇತ್ತು. ನಾನು ಫ್ರೆಂಡಿಗೆ "ಲೋ ಮಗಾ, ನಿಮ್ಮೋರಿಗೆ ಈ ಸಲ ಕಪ್ ನಮ್ದೆ ಅಂತ ಹೇಳ್ಕೊಡೋ" ಅಂದೆ, ಅವನು "ಬೇಡ ಮಗಾ, ಇವರು ಹಂಗೆಲ್ಲ ಬಾಯಿ ಬಿಟ್ಟು ಹೇಳಲ್ಲ, ಹೇಳಿದ್ರೆ ಹೋಗುತ್ತೆ ಅಂತಾರೆ" ಅಂದ. ಇಲ್ಲೇ ದೊಡ್ಡ ವ್ಯತ್ಯಾಸ. ನಾವು ಭಯ ಮುಚ್ಚೋಕೆ ಕೂಗ್ತೀವಿ, ಅವರು ಭಯಾನೇ ಹೊದ್ಕೊಂಡು ಕೂತ್ಕೋತಾರೆ.

ಆ ಕಡೆಯೋರು ಹೆಂಗಿದ್ರು

ಎದುರಾಳಿ ಕಡೆ ನೋಡದೆ ಈ ಕೇಸ್ ಪೂರ್ತಿ ಆಗಲ್ಲ. ಸಂಡರ್‌ಲ್ಯಾಂಡ್ ಫ್ಯಾನ್ಸೂ ವೆಂಬ್ಲಿಲಿ ಅತ್ತೋರೇ. 1973ರಲ್ಲಿ ಎರಡನೇ ಡಿವಿಷನ್ ಟೀಮಾಗಿ ಲೀಡ್ಸ್‌ನ ಸೋಲಿಸಿ ಎಫ್‌ಎ ಕಪ್ ಎತ್ತಿದ ಮೇಲೆ 1985, 1990, 1992, 1998, 2014 ಬರೀ ಸೋಲು. 1990ರದ್ದು ತಮಾಷೆ, ಫೈನಲ್ ಸೋತೂ ಮೇಲೆ ಹೋದ್ರು, ಗೆದ್ದ ಸ್ವಿಂಡನ್ ದುಡ್ಡಿನ ಗೋಲ್ಮಾಲಲ್ಲಿ ಸಿಕ್ಕಿಬಿದ್ದಿತ್ತು. 1998ರದ್ದು ಮಾತ್ರ ಕಣ್ಣೀರು: ಆಗ ಸೆಮಿಫೈನಲ್‌ನಲ್ಲಿ ಶೆಫೀಲ್ಡ್‌ನ ಸೋಲಿಸಿ ಹೋದೋರು ಫೈನಲ್‌ನಲ್ಲಿ ಚಾರ್ಲ್ಟನ್ ಎದುರು 4-4 ಆಗಿ ಪೆನಾಲ್ಟಿಲಿ 7-6 ಸೋತ್ರು, ಚಾರ್ಲ್ಟನ್ ಪರ ಮೂರು ಗೋಲು ಹೊಡೆದ ಕ್ಲೈವ್ ಮೆಂಡೋನ್ಸಾ ಸಂಡರ್‌ಲ್ಯಾಂಡ್‌ನಲ್ಲೇ ಆ ಟೀಮನ್ನೇ ಸಪೋರ್ಟ್ ಮಾಡ್ತಾ ಬೆಳೆದೋನು. 2019ರಲ್ಲಿ ಒಂದೇ ಸೀಸನ್ನಿನಲ್ಲಿ ಎರಡು ಸಲ ವೆಂಬ್ಲಿಗೆ ಬಂದು ಎರಡು ಸಲಾನೂ ಸೋತ್ರು, ಪ್ಲೇ-ಆಫ್ ಫೈನಲ್ ಅಂತೂ ಇಂಜುರಿ ಟೈಮಲ್ಲಿ (90 ನಿಮಿಷದ ಮೇಲೆ ಸೇರಿಸೋ ಟೈಮು), ಮತ್ತೆ ಚಾರ್ಲ್ಟನ್ನೇ.

ಆದ್ರೆ 2022ರಲ್ಲಿ ಮೂರನೇ ಡಿವಿಷನ್ ಫೈನಲ್‌ನಲ್ಲಿ ವೈಕಂಬ್‌ನ 2-0 ಹೊಡೆದು ಮೇಲೆ ಬಂದ್ರು. ಅದಕ್ಕೆ ಹಿಂದಿನ ವರ್ಷ ಒಂದು ಸಣ್ಣ ಕಪ್ಪೂ ಗೆದ್ದಿದ್ರು, ಕೋವಿಡ್ ಅಂತ ಆಗ ಸ್ಟೇಡಿಯಂ ಖಾಲಿ. ಅಂದ್ರೆ ಫ್ಯಾನ್ಸ್ ಕಣ್ಣಾರೆ ವೆಂಬ್ಲಿ ಗೆಲುವು ನೋಡಿ ಮೂರೇ ವರ್ಷ ಆಗಿತ್ತು, ಹಳೇ ಬಾಕಿ ತೀರಿತ್ತು. ಇನ್ನೊಂದು, ಈ ಸಲ ಅವರಿಂದ ಯಾರೂ ಏನೂ ನಿರೀಕ್ಷೆ ಇಟ್ಕೊಂಡಿರಲಿಲ್ಲ, ಎಂಟು ವರ್ಷದ ಕೆಳಗೆ ಪ್ರೀಮಿಯರ್ ಲೀಗಿಂದ ಬಿದ್ದು ಅದರ ಮುಂದಿನ ವರ್ಷ ಇನ್ನೂ ಒಂದು ಮೆಟ್ಟಿಲು ಬಿದ್ದ ಕ್ಲಬ್ಬು, ಟೀಮು ತುಂಬಾ ಎಳೇ ಹುಡುಗರು, ಕೊನೇ ಐದು ಸೋಲು. ಅದರ ಮೇಲೆ ಸೆಮಿಫೈನಲ್: ಕವೆಂಟ್ರೀಲಿ 2-1 ಗೆದ್ದು, ಮನೇಲಿ ಸೋಲ್ತಾ, ಎಕ್ಸ್‌ಟ್ರಾ ಟೈಮಿನ 122ನೇ ನಿಮಿಷದಲ್ಲಿ ಡ್ಯಾನ್ ಬ್ಯಾಲರ್ಡ್ ತಲೆಯಿಂದ ಗೋಲು. ಹಂಗೆ ಬಂದೋರಿಗೆ ಫೈನಲ್ ಅನ್ನೋದು ಬೋನಸ್ಸು. ಹಿಂದಿನ ದಿನ ಶುಕ್ರವಾರನೇ ಸಾವಿರಗಟ್ಟಲೆ ಜನ ಲಂಡನ್ನಿಗೆ ಬಂದು ಟ್ರಫಾಲ್ಗರ್ ಸ್ಕ್ವೇರ್ ತುಂಬ ಹಾಡಿಕೊಂಡು ಕುಣಿದ್ರು, ಜಾತ್ರೆ. ಶೆಫೀಲ್ಡೋರಲ್ಲಿ ಜಾಸ್ತಿ ಜನ ಶನಿವಾರ ಬೆಳಗ್ಗೆ ಬಂದ್ರಾಯ್ತು ಅಂತಿದ್ರು, ಆಸ್ಪತ್ರೆಗೆ ಅಪಾಯಿಂಟ್‌ಮೆಂಟಿಗೆ ಹೋಗೋರ ಥರ.

ನನ್ನ ಪ್ರಕಾರ ಈ ಕೇಸಿನ ತಿರುಳು ಇಲ್ಲಿದೆ. ಎರಡೂ ಕಡೆಯೋರೂ ಅದೇ ಮ್ಯಾಚಿಗೆ ಕಾಯ್ತಿದ್ರು, ಆದ್ರೆ ಒಬ್ಬರು ಸಿಕ್ಕಿದ್ರೆ ಸಿಗ್ಲಿ ಅಂತ, ಇನ್ನೊಬ್ಬರು ನಮ್ದೇ ಆಗಿದ್ದಿದ್ದು ವಾಪಸ್ ಬರ್ಲಿ ಅಂತ. ಎರಡನೇ ಥರದ ಕಾಯೋದ್ರಲ್ಲಿ ಸುಖ ಇಲ್ಲ, ಗೆದ್ರೂ ಅಬ್ಬಾ ಅಂತ ಉಸಿರು ಬಿಡೋದೇ ಹೊರತು ಖುಷಿ ಕಮ್ಮಿ. ಮೂರನೇ ಸ್ಥಾನದ ಟೀಮು ಯಾವಾಗ್ಲೂ ಸೋಲುತ್ತೆ ಅಂತ ನಾನು ಹೇಳ್ತಿಲ್ಲ, 2023ರಲ್ಲಿ ಲೂಟನ್ ಮೂರನೇ ಸ್ಥಾನದಿಂದಲೇ ಗೆದ್ದಿತ್ತು. ಆದ್ರೆ ಲೂಟನ್‌ಗೆ ಅದು ಕನಸಿನಂಥ ಸೀಸನ್ನು, ಕೈತಪ್ಪಿದ್ದು ಅಂತ ಏನೂ ಇರಲಿಲ್ಲ.

24ನೇ ತಾರೀಖು

ನಮಗೆ ಸಂಜೆ ಏಳೂವರೆಗೆ ಶುರು. ಮನೇಲಿ ಎಲ್ಲರೂ ಐಪಿಎಲ್ ಹಾಕು ಅಂತ, ನಾನು ಮೊಬೈಲಲ್ಲಿ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಸಂಡರ್‌ಲ್ಯಾಂಡ್ ಡಿಫೆಂಡರ್ ಲೂಕ್ ಓನೀನ್ ಭುಜ ಕಳಚಿ ಹೊರಗೆ ಹೋದ. 25ನೇ ನಿಮಿಷ, ಗುಸ್ತಾವೊ ಹಾಮರ್ ಪಾಸ್ ಕೊಟ್ಟ, ಟೈರೀಸ್ ಕ್ಯಾಂಪ್‌ಬೆಲ್ ಕೀಪರ್ ಮೇಲಿಂದ ಎತ್ತಿ ಹಾಕಿದ, 1-0. ಪ್ಲೇ-ಆಫ್ ಫೈನಲ್ ಇತಿಹಾಸದಲ್ಲೇ ಶೆಫೀಲ್ಡ್ ಯುನೈಟೆಡ್‌ನ ಮೊದಲ ಗೋಲು! ಆ ಹುಡುಗನ ಅಪ್ಪ ಕೆವಿನ್ ಕ್ಯಾಂಪ್‌ಬೆಲ್, ಆರ್ಸೆನಲ್, ಎವರ್ಟನ್‌ಗೆ ಆಡಿದೋರು, ತೀರಿಕೊಂಡು ಒಂದು ವರ್ಷನೂ ಆಗಿರಲಿಲ್ಲ. ಫ್ರೆಂಡು ಪಬ್ಬಿಂದ ವಾಯ್ಸ್ ಮೆಸೇಜ್ ಕಳಿಸಿದ, ಒಂದು ಮಾತೂ ಕೇಳಲ್ಲ, ಬರೀ ಗದ್ದಲ.

ಆಮೇಲೆ ಹಾಫ್‌ಟೈಮಿಗೆ ಮುಂಚೆ ಕಾರ್ನರ್‌ನಿಂದ ಬಂದ ಚೆಂಡನ್ನ ಹ್ಯಾರಿಸನ್ ಬರೋಸ್ ಹೊರಗಿಂದ ಬಾರಿಸಿ ಒಳಗೆ ಹಾಕಿದ, 2-0 ಅಂತ ಎಲ್ಲರೂ ಕುಣಿದ್ರು. ವಿಎಆರ್ (ವಿಡಿಯೋ ನೋಡಿ ತೀರ್ಪು ಪರೀಕ್ಷಿಸೋ ವ್ಯವಸ್ಥೆ) ನೋಡಿದ್ರು, ರೆಫರಿ ಮಾನಿಟರ್ ಹತ್ರ ಹೋದ್ರು, ಕೀಪರ್ ಮುಂದೆ ಆಫ್‌ಸೈಡಲ್ಲಿ ವಿನೀಶಿಯಸ್ ಸೋಜಾ ನಿಂತು ಅಡ್ಡ ಆಗಿದ್ದ ಅಂತ ಗೋಲು ಕ್ಯಾನ್ಸಲ್. ನಿಯಮದ ಪ್ರಕಾರ ನಿರ್ಧಾರ ಸರಿ ಅಂತಾನೇ ನಂಗೆ ಕಾಣ್ಸಿದ್ದು. ಆದ್ರೆ ಚಾಂಪಿಯನ್‌ಶಿಪ್‌ನಲ್ಲಿ ಇಡೀ ಸೀಸನ್ 46 ಮ್ಯಾಚಲ್ಲಿ ವಿಎಆರ್ ಇಲ್ಲ, ಕೊನೇ ಒಂದು ಮ್ಯಾಚಿಗೆ ತರ್ತಾರೆ! ವರ್ಷವಿಡೀ ಲೈನ್ಸ್‌ಮನ್ ಬಾವುಟ ನೋಡಿ ಕುಣಿಯೋ ಅಭ್ಯಾಸ ಇರೋ ಜನಕ್ಕೆ ಅವತ್ತು ಒಂದೇ ದಿನ ಕುಣಿದು ಆಮೇಲೆ ಕೂತ್ಕೊಳ್ಳಿ ಅಂದ್ರೆ ಹೆಂಗೆ. ಇದು ನ್ಯಾಯವಾದ ದೂರು ಅನ್ನೋದು ನನ್ನ ಅಭಿಪ್ರಾಯ, ಇಟ್ರೆ ಪೂರ್ತಿ ಇಡ್ಬೇಕು, ಇಲ್ಲಾಂದ್ರೆ ಬೇಡ.

ಆ ಕ್ಷಣದಿಂದ ಹಿರಿಯರು ನಿಂತಲ್ಲೇ ನಿಂತುಬಿಟ್ರಂತೆ, ಪಕ್ಕದೋರ ಜೊತೆ ಮಾತಿಲ್ಲ. ಹಾಫ್‌ಟೈಮಲ್ಲಿ 1-0 ಮುಂದಿದ್ರೂ ಅವರ ಸುತ್ತ ಇದ್ದ ಜನ ಸೋತೋರ ಥರ ಕ್ಯೂಲಿ ನಿಂತು ಟೀ ಕುಡಿದ್ರು ಅಂತ ಆಮೇಲೆ ಹೇಳಿದ್ರು. 76ನೇ ನಿಮಿಷದಲ್ಲಿ ಪ್ಯಾಟ್ರಿಕ್ ರಾಬರ್ಟ್ಸ್ ಕೊಟ್ಟ ಪಾಸಿಗೆ ಎಲಿಯೆಜರ್ ಮಯೆಂಡಾ ಮೇಲ್ಗಡೆ ಬಲೆಗೆ ಬಾರಿಸಿದ, 1-1. ಇಂಜುರಿ ಟೈಮು, 95ನೇ ನಿಮಿಷ, ಶೆಫೀಲ್ಡೋರು ಚೆಂಡು ಕಳ್ಕೊಂಡ್ರು, ಸಬ್ ಆಗಿ ಬಂದಿದ್ದ ಟಾಮ್ ವಾಟ್ಸನ್ ಬಾಕ್ಸ್ ಅಂಚಿಂದ ನೆಲಕ್ಕೆ ತಾಗಿಸ್ಕೊಂಡು ಮೂಲೆಗೆ ಹೊಡೆದ. 2-1. ಹತ್ತೊಂಬತ್ತು ವರ್ಷದ ಲೋಕಲ್ ಹುಡುಗ, ಮುಂದಿನ ಸೀಸನ್ನಿಗೆ ಬ್ರೈಟನ್‌ಗೆ ಹೋಗೋದು ಮೊದಲೇ ಫಿಕ್ಸ್ ಆಗಿತ್ತು, ಅದಕ್ಕೆ ಅವನ ಮೇಲೆ ಒಂದಷ್ಟು ಫ್ಯಾನ್ಸಿಗೆ ಮುನಿಸೂ ಇತ್ತು. ಆ ಕ್ಲಬ್ಬಿಗೆ ಅವನ ಕೊನೇ ಮ್ಯಾಚು ಅದು. ಸಂಡರ್‌ಲ್ಯಾಂಡ್ ಪ್ಲೇ-ಆಫ್‌ಗೆ ಇಟ್ಕೊಂಡಿದ್ದ ಘೋಷಣೆ "ಟಿಲ್ ದಿ ಎಂಡ್", ಅಕ್ಷರಶಃ ಹಂಗೇ ಆಯ್ತು.

ನಾನು ಫ್ರೆಂಡಿಗೆ ಏನೂ ಕಳಿಸಲಿಲ್ಲ. ಅವನೇ ರಾತ್ರಿ ಒಂದು ಲೈನ್ ಹಾಕಿದ, "ಹತ್ತಕ್ಕೆ ಹತ್ತು ಮಗಾ".

ಸೋಲಿನ ಮೇಲೆ

ಮಂಗಳವಾರ ಹಿರಿಯರು ಕೆಲಸಕ್ಕೆ ಬಂದ್ರು. ಸಿಟ್ಟಿರಲಿಲ್ಲ, ಅಳು ಇರಲಿಲ್ಲ, "ಹೇಳಿರಲಿಲ್ವಾ" ಅನ್ನೋ ಮುಖ. ಇಲ್ಲಿ ನಂಗೊಂದು ಅನುಮಾನ ಇದೆ. ಕೆಟ್ಟದ್ದನ್ನೇ ನಿರೀಕ್ಷೆ ಮಾಡಿದ್ರೆ ಪೆಟ್ಟು ಕಮ್ಮಿ ಬೀಳುತ್ತೆ ಅಂತ ಇವರೆಲ್ಲ ಹನ್ನೆರಡು ದಿನ ಅಭ್ಯಾಸ ಮಾಡಿದ್ರು, ಕಮ್ಮಿ ಬಿತ್ತಾ? ಫ್ರೆಂಡು ಹೇಳೋ ಪ್ರಕಾರ ಅವರು ಆಮೇಲೆ ವಾರಗಟ್ಟಲೆ ಮಾತಾಡಿದ್ದು ವಾಟ್ಸನ್ ಗೋಲಿನ ಬಗ್ಗೆ ಅಲ್ಲ, ಏಪ್ರಿಲ್ ಬಗ್ಗೆ. ಮಿಲ್‌ವಾಲ್ ಎದುರು ಮನೇಲಿ ಯಾಕೆ ಸೋತ್ವಿ, ಪ್ಲಿಮತ್‌ನಲ್ಲಿ ಯಾಕೆ ಸೋತ್ವಿ. ವೆಂಬ್ಲಿ ಸೋಲನ್ನ ಅವರು ಯಾವತ್ತೋ ಒಪ್ಕೊಂಡಿದ್ರು, ವೆಂಬ್ಲಿಗೆ ಹೋಗ್ಬೇಕಾಗಿ ಬಂದಿದ್ದನ್ನ ಇನ್ನೂ ಒಪ್ಕೊಂಡಿರಲಿಲ್ಲ. ಇನ್ನೊಂದು ಸಲ ಈ ಪರಿಸ್ಥಿತಿ ಬಂದ್ರೆ ಮೂರನೇ ಸ್ಥಾನಕ್ಕಿಂತ ಏಳನೇ ಸ್ಥಾನ ವಾಸಿ ಅಂದ್ರಂತೆ, ತಮಾಷೆಗಲ್ಲ.

ಇತ್ತ ನಮ್ಮ ಕಡೆ ಜೂನ್ 3ಕ್ಕೆ ಆರ್‌ಸಿಬಿ ಪಂಜಾಬ್‌ನ 6 ರನ್ನಿಂದ ಸೋಲಿಸಿ ಹದಿನೆಂಟನೇ ಸೀಸನ್ನಿನಲ್ಲಿ ಕಪ್ ಎತ್ತಿತು. ಮಾರನೇ ದಿನ ಚಿನ್ನಸ್ವಾಮಿ ಮುಂದೆ ಕಾಲ್ತುಳಿತದಲ್ಲಿ 11 ಜನ ಸತ್ರು, ಅದನ್ನ ಒಂದು ಸಾಲಲ್ಲಿ ಹೇಳಿ ಮುಗಿಸೋಕೆ ಆಗಲ್ಲ, ಆ ಕೇಸನ್ನ ಬೇರೇನೇ ಬರೀಬೇಕು.

ಸಂಡರ್‌ಲ್ಯಾಂಡ್ ಆಗಸ್ಟಲ್ಲಿ ಪ್ರೀಮಿಯರ್ ಲೀಗಿನ ಮೊದಲ ಮ್ಯಾಚಲ್ಲೇ ವೆಸ್ಟ್ ಹ್ಯಾಮ್‌ಗೆ 3-0 ಹೊಡೀತು, ಅದರಲ್ಲೂ ಮಯೆಂಡಾ, ಬ್ಯಾಲರ್ಡ್ ಗೋಲಿತ್ತು. ಶೆಫೀಲ್ಡ್‌ನಲ್ಲಿ ಜೂನಲ್ಲೇ ಕೋಚ್ ಕ್ರಿಸ್ ವೈಲ್ಡರ್‌ನ ಕಳಿಸಿದ್ರು, ವೈಲ್ಡರ್ ಅಂದ್ರೆ ಇದೇ ಊರಿನೋನು, ಇದೇ ಟೀಮಿನ ಫ್ಯಾನಾಗಿ ಬೆಳೆದೋನು. ಸೋಜಾನೂ ಡಿಫೆಂಡರ್ ಅಹ್ಮೆದ್‌ಹೋಜಿಚ್‌ನೂ ಮಾರಿದ್ರು, ಹೊಸ ಕೋಚ್ ರುಬೆನ್ ಸೆಯೆಸ್ ಬಂದು ಸಾಲಾಗಿ ಎಲ್ಲಾ ಮ್ಯಾಚ್ ಸೋತ, ಸೆಪ್ಟೆಂಬರ್‌ನಲ್ಲಿ ಅವನನ್ನ ತೆಗೆದು ಮಾರನೇ ದಿನಾನೇ ಅದೇ ವೈಲ್ಡರ್‌ನ ವಾಪಸ್ ಕರೆಸಿದ್ರು. ಅಷ್ಟೊತ್ತಿಗೆ ಟೀಮು ಟೇಬಲ್ಲಿನ ತಳದಲ್ಲಿತ್ತು. ಹಿರಿಯರು ಮಾತ್ರ ಸೀಸನ್ ಟಿಕೆಟ್ ಜೂನಲ್ಲೇ ರಿನ್ಯೂ ಮಾಡಿಸಿದ್ರು, ಈ ಸಲ ಅಳಿಯನದ್ದೂ ಸೇರಿಸಿ.